ಆಟೋಮ್ಯಾಟಿಕ್ ಕಾರಿನ ಡೈನೋ ಗ್ರಾಫ್ ಸರಿಹೋದ ಬಗೆ

ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸೋದು) ಮಾಡಿಸುವ ಮೊದಲು ಕಾರಿನ ಸ್ಟಾಕ್ ಪವರ್, ಅಂದರೆ ಕಂಪನಿಯಿಂದ ಬಂದ ಹಾಗಿರುವ ಪವರ್, ಎಷ್ಟಿದೆ ಅಂತ ನೋಡಬೇಕಿತ್ತು. ನನ್ನದು 6 ಸ್ಪೀಡಿನ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಇರುವ ಆಟೋಮ್ಯಾಟಿಕ್ ಗಾಡಿ, ಮುಂದಿನ ಚಕ್ರದ ಡ್ರೈವ್. ಡೈನೋ ಅಂದರೆ ಚಕ್ರಕ್ಕೆ ಬರುವ ಪವರ್ ಅಳೆಯೋ ಯಂತ್ರ. ಅದರ ರೋಲರ್ ಮೇಲೆ ನಿಲ್ಲಿಸಿ, ಕಾರು ಅಲುಗದಂತೆ ಬೆಲ್ಟ್ ಬಿಗಿದು ಓಡಿಸಿದರೆ ಬಂದ ಗ್ರಾಫ್ ನಂಬೋ ಹಾಗಿರಲಿಲ್ಲ. ಶುರುವಿನಲ್ಲೇ ಟಾರ್ಕ್ (ತಿರುಗಿಸೋ ಬಲ) ಗುಡ್ಡದ ಹಾಗೆ ಎದ್ದಿತ್ತು. ನಡುವೆ ದಿಢೀರ್ ಅಂತ ಗೆರೆ ಮುರಿದಿತ್ತು.

ಮುರಿದಿದ್ದಕ್ಕೆ ಕಾರಣ ಕಿಕ್‌ಡೌನ್, ಅಂದರೆ ಪೆಡಲ್ ಪೂರ್ತಿ ಒತ್ತಿದಾಗ ಗೇರ್ ತಾನಾಗಿ ಇಳಿಯೋದು. ಮ್ಯಾನುವಲ್ ಮೋಡಿನಲ್ಲಿ 4ನೇ ಗೇರ್ ಹಾಕಿದ್ದರೂ ಅಷ್ಟೇ. ಪೆಡಲ್ ಒತ್ತುತ್ತಾ ಹೋದರೆ ಕೊನೆಯಲ್ಲಿ ಕಾಲಿಗೆ 'ಟಕ್' ಅಂತ ಒಂದು ತಡೆ ಸಿಗುತ್ತದೆ. ಅದನ್ನು ದಾಟಿದರೆ ಗೇರ್‌ಬಾಕ್ಸ್ ತಾನೇ 3ಕ್ಕೆ ಇಳಿಯುತ್ತದೆ. ಆ ತಡೆಯ ತನಕ ಮಾತ್ರ ಒತ್ತಿದೆವು. ಅಷ್ಟಕ್ಕೇ ಥ್ರಾಟಲ್ ಪೂರ್ತಿ ತೆರೆದಿರೋದು ಸ್ಕ್ಯಾನರಿನಲ್ಲಿ ಕಾಣಿಸಿತು.

ಇನ್ನು ಆ ಗುಡ್ಡ. ಲಾಕ್ ಆಗದೆ (ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನೇರ ಜೋಡಣೆ ಆಗದೆ) ಜಾರುವಾಗ ಕನ್ವರ್ಟರ್ ಟಾರ್ಕನ್ನು ಹೆಚ್ಚಿಸಿಯೇ ಚಕ್ರಕ್ಕೆ ಕಳಿಸುತ್ತದೆ. ಅದು ಎಂಜಿನ್ನಿನ ಸ್ವಂತ ದುಡಿಮೆ ಅಲ್ಲ, ಅಲ್ವಾ? ಹಾಗಾಗಿ ಮೊದಲು ಹಗುರವಾಗಿ ಒತ್ತಿ, ಲಾಕ್ ಆದ ಮೇಲೆ ನಿಧಾನಕ್ಕೆ ಜಾಸ್ತಿ ಮಾಡಿದೆವು. ಆರ್‌ಪಿಎಂ ಅನ್ನು ರೋಲರ್ ಲೆಕ್ಕದಿಂದ ತೆಗೆಯದೆ ನೇರ ಓಬಿಡಿ ಪೋರ್ಟಿನಿಂದಲೇ (ಸ್ಕ್ಯಾನರ್ ಚುಚ್ಚೋ ಜಾಗ) ತೆಗೆದೆವು. ರೋಲರ್ ವೇಗದ ಜೊತೆ ಹೋಲಿಸಿದರೆ ಕನ್ವರ್ಟರ್ ಜಾರಿದ್ದು ತಕ್ಷಣ ಗೊತ್ತಾಗುತ್ತದೆ.

ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡೋದು ಮರೀಬೇಡಿ. ಹಿಂದಿನ ಚಕ್ರ ನಿಂತೇ ಇದ್ದು ಮುಂದಿನದು ತಿರುಗಿದರೆ, ಚಕ್ರ ಜಾರುತ್ತಿದೆ ಅಂದುಕೊಂಡು ಕಾರು ಪವರ್ ಕಡಿಮೆ ಮಾಡಿಬಿಡುತ್ತದೆ. ಪ್ರತಿ ರನ್ ಆದಮೇಲೆ ಗೇರ್‌ಬಾಕ್ಸ್ ಆಯಿಲ್ ತಣಿಯೋಕೂ ಬಿಟ್ಟೆವು, ಅದು ಬೇಗ ಕಾಯುತ್ತದೆ.

ಆಮೇಲಿನ ಗೆರೆಗಳು ಒಂದರ ಮೇಲೊಂದು ಕೂತವು. ಅದನ್ನೇ ಬೇಸ್‌ಲೈನ್ (ಹೋಲಿಕೆಗೆ ಮೂಲ ಅಳತೆ) ಇಟ್ಟುಕೊಂಡು ರೀಮ್ಯಾಪಿಗೆ ಕೊಟ್ಟೆ.