ಕಾಂಪ್ಲೆಕ್ಸ್ ನಂಬರ್ ತಲೆಗೆ ಹತ್ತುತ್ತಿಲ್ವಾ? ಗ್ರಾಫ್ ಶೀಟ್ ತೆಗೆಯಿರಿ

ಕೆಳಗಿನ ಮನೆಯ ಹುಡುಗಿ ಫಸ್ಟ್ ಪಿಯುಸಿ. ಹೋದ ಭಾನುವಾರ ನೋಟ್‌ಬುಕ್ ಹಿಡಿದು ಬಂದಳು. ‘√−4 × √−9 ಮಾಡಿದ್ರೆ ನನಗೆ 6 ಬರ್ತಿದೆ ಆಂಟಿ. ಪುಸ್ತಕದಲ್ಲಿ −6 ಇದೆ. ಪ್ರಿಂಟ್ ಮಿಸ್ಟೇಕ್ ಅಲ್ವಾ?’

ಮಿಸ್ಟೇಕ್ ಪುಸ್ತಕದ್ದಲ್ಲ. ಅವಳು ಎರಡನ್ನೂ ಒಂದೇ ರೂಟಿನೊಳಗೆ ತುರುಕಿ √36 ಮಾಡಿದ್ದಳು. ರೂಟಿನೊಳಗೆ ಎರಡೂ ಮೈನಸ್ ಇದ್ದರೆ ಆ ನಿಯಮ ನಡೆಯುವುದಿಲ್ಲ. √−1ಕ್ಕೆ ಐ ಎಂದು ಹೆಸರು. ಮೊದಲು 2ಐ, 3ಐ ಎಂದು ಬಿಡಿಸಿ ಬರೆದು, ಆಮೇಲೆ ಗುಣಿಸಬೇಕು. 6ಐ² ಬರುತ್ತದೆ, ಅಂದರೆ −6.

ಇಷ್ಟು ಹೇಳಿ ಕಳಿಸಿದ್ದರೆ ಮುಂದಿನ ಭಾನುವಾರ ಇನ್ನೊಂದು ಡೌಟ್ ಹಿಡಿದು ಬರುತ್ತಿದ್ದಳು. ತೊಡಕು ಇದ್ದದ್ದು ಈ ಒಂದು ಲೆಕ್ಕದಲ್ಲಲ್ಲ. ಐ ಅಂದರೆ ಏನು ಎನ್ನುವುದೇ ಅವಳ ಕಣ್ಣಿಗೆ ಕಂಡಿರಲಿಲ್ಲ. ಪಿಯು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ನನಗೆ ಗೊತ್ತಾದದ್ದು ಇದು: ಈ ಪಾಠದಲ್ಲಿ ಸೂತ್ರ ಬಾರದೆ ಸಿಕ್ಕಿಬೀಳುವವರು ಕಡಿಮೆ, ಚಿತ್ರ ಬರೆಯದೆ ಸಿಕ್ಕಿಬೀಳುವವರೇ ಜಾಸ್ತಿ.

ಮೊದಲು ನಾಚಿಕೆ ಬಿಡಿ

‘ಮೈನಸ್ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಹೈಸ್ಕೂಲಲ್ಲಿ ಹೇಳಿದ್ರಲ್ಲ’ ಎಂದು ಮಕ್ಕಳು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನೇ ಹೇಳಿದ್ದ: ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ. ಸಂಖ್ಯಾರೇಖೆಯ ಮೇಲೆ ನಿಂತು ನೋಡಿದರೆ ಆತ ಹೇಳಿದ್ದು ಇವತ್ತಿಗೂ ಸರಿ.

1545ರಲ್ಲಿ ಇಟಲಿಯ ಗಣಿತಜ್ಞ ಕಾರ್ಡಾನೋ ಒಂದು ಲೆಕ್ಕ ಹಾಕಿದ. 10ನ್ನು ಎರಡು ಪಾಲು ಮಾಡಬೇಕು, ಪಾಲುಗಳನ್ನು ಗುಣಿಸಿದರೆ 40 ಬರಬೇಕು. ಉತ್ತರ 5 + √−15 ಮತ್ತು 5 − √−15. ಗುಣಿಸಿ ನೋಡಿ, 40 ಬಂದೇ ಬರುತ್ತದೆ. ಲೆಕ್ಕವೇನೋ ಸರಿಹೋಯಿತು, ಆದರೆ ಇದರಿಂದ ಉಪಯೋಗವಿದೆ ಎಂದು ಅವನಿಗೇ ಅನ್ನಿಸಲಿಲ್ಲ. ಈ ಸಂಖ್ಯೆಗಳನ್ನು ಹಾಳೆಯ ಮೇಲೆ ಚುಕ್ಕಿಗಳಾಗಿ ಇಟ್ಟು ತೋರಿಸಿದ ಆರ್ಗಾಂಡ್‌ನ ಪುಸ್ತಕ ಬಂದದ್ದು 1806ರಲ್ಲಿ. ಅವನಿಗಿಂತ ಕೆಲವು ವರ್ಷ ಮೊದಲೇ ವೆಸೆಲ್ ಎಂಬ ಸರ್ವೇಯರ್ ಇದನ್ನು ಬರೆದಿದ್ದ, ಯಾರೂ ಗಮನ ಕೊಡಲಿಲ್ಲ. ಜಮೀನು ಅಳೆಯುವವನ ಕಣ್ಣಿಗೆ ಇದು ಮೊದಲು ಕಂಡಿತು ಎನ್ನುವುದು ನನಗೆ ತುಂಬಾ ಇಷ್ಟ. ಅಂತೂ ದೊಡ್ಡ ದೊಡ್ಡವರಿಗೆ ಇನ್ನೂರೈವತ್ತು ವರ್ಷ ಹಿಡಿದ ಮಾತು. ನಿಮಗೆ ಎರಡು ವಾರ ಹಿಡಿದರೆ ಏನಂತೆ?

ಗುಂಡುಸೂಜಿ, ಬಟರ್ ಪೇಪರ್

ಗ್ರಾಫ್ ಶೀಟಿನ ನಡುವೆ ಎರಡು ಅಕ್ಷ ಎಳೆಯಿರಿ. ಅಡ್ಡಗೆರೆ ಮಾಮೂಲಿ ಸಂಖ್ಯೆಗಳಿಗೆ, ಉದ್ದಗೆರೆ ಐಗೆ. ಎರಡೂ ಸೇರಿದ್ದೇ ಕಾಂಪ್ಲೆಕ್ಸ್ ನಂಬರ್. 3 + 2ಐ ಗುರುತಿಸಬೇಕಾದರೆ ಬಲಕ್ಕೆ 3 ಮನೆ, ಮೇಲಕ್ಕೆ 2 ಮನೆ. ಶೀಟಿನ ಮೇಲೆ ಬಟರ್ ಪೇಪರ್ ಇಟ್ಟು, ಎರಡು ಅಕ್ಷ ಸೇರುವ ಜಾಗದಲ್ಲಿ ಗುಂಡುಸೂಜಿ ಚುಚ್ಚಿ. ಬಟರ್ ಪೇಪರ್ ಮೇಲೂ ಅದೇ ಚುಕ್ಕಿ ಇಡಿ. ಈಗ ಪೇಪರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಚುಕ್ಕಿ ಎಲ್ಲಿ ಬಂತು? ಎಡಕ್ಕೆ 2, ಮೇಲಕ್ಕೆ 3. ಅಂದರೆ −2 + 3ಐ.

ಇನ್ನು ಲೆಕ್ಕ ಮಾಡಿ. ಐ × (3 + 2ಐ) = 3ಐ + 2ಐ² = −2 + 3ಐ. ಅದೇ ಚುಕ್ಕಿ!

ಇನ್ನೊಂದು ಕಾಲು ಸುತ್ತು ತಿರುಗಿಸಿ. −3 − 2ಐ. ಎರಡು ಸಲ ತಿರುಗಿಸಿದ್ದಕ್ಕೆ ಚುಕ್ಕಿ ಎದುರು ದಿಕ್ಕಿಗೆ ಹೋಯಿತು, ಎರಡೂ ಚಿಹ್ನೆ ಬದಲಾದವು. ಐ² = −1 ಅಂದರೆ ಇಷ್ಟೇ. ಹುಡುಗಿ ಪೇಪರನ್ನು ನಾಲ್ಕೈದು ಸಲ ತಿರುಗಿಸಿ, ‘ಅಯ್ಯೋ, ಸುಮ್ನೆ ತಿರುಗಿಸೋದಾ ಇದು!’ ಎಂದಳು. ಹೌದು, ಸುಮ್ನೆ ತಿರುಗಿಸೋದೇ. ನಾಲ್ಕು ಸಲ ತಿರುಗಿಸಿದರೆ ಹೊರಟಲ್ಲಿಗೇ ವಾಪಸ್. ಹಾಗಾಗಿ ಐ ಘಾತ 2026 ಎಂದು ಕೇಳಿದರೆ ಹೆದರಬೇಡಿ. ಕೊನೆಯ ಎರಡು ಅಂಕಿ 26ನ್ನು 4ರಿಂದ ಭಾಗಿಸಿ, ಶೇಷ 2. ಉತ್ತರ −1.

ಇಂಗ್ಲಿಷ್ ಹೆಸರುಗಳಿಗೆ ಒಂದು ಸಂಜೆ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಓದಿದವರಿಗೆ ಲೆಕ್ಕಕ್ಕಿಂತ ಪದಗಳೇ ಕಷ್ಟ ಕೊಡುತ್ತವೆ. ಮಾಡ್ಯುಲಸ್ ಅಂದರೆ ಗುಂಡುಸೂಜಿಯಿಂದ ಚುಕ್ಕಿಗೆ ಇರುವ ದೂರ. ಆರ್ಗ್ಯುಮೆಂಟ್ ಅಂದರೆ ವಾದವಲ್ಲ, ಬಲಗಡೆಯ ಅಕ್ಷದಿಂದ ಚುಕ್ಕಿಯವರೆಗಿನ ಕೋನ. ಕಾಂಜುಗೇಟ್ ಅಂದರೆ ಅಡ್ಡಗೆರೆಯಲ್ಲಿ ಕನ್ನಡಿ ಇಟ್ಟರೆ ಕಾಣುವ ಪ್ರತಿಬಿಂಬ. ಇಮ್ಯಾಜಿನರಿ ಪಾರ್ಟ್ ಎಂದು ಕೇಳಿದಾಗ 3 + 4ಐಗೆ ಉತ್ತರ 4, 4ಐ ಅಲ್ಲ. ಇಲ್ಲಿ ಒಂದು ಅಂಕ ಸುಮ್ಮನೆ ಕೈಬಿಟ್ಟು ಹೋಗುತ್ತದೆ.

ಭಾಗಾಕಾರ, ಆಮೇಲೆ ತಾಳೆ

(8 + ಐ) ÷ (2 − 3ಐ) ತಗೊಳ್ಳಿ. ಕೆಳಗಿನದರ ಕಾಂಜುಗೇಟ್ 2 + 3ಐ. ಅದರಿಂದ ಮೇಲೆ, ಕೆಳಗೆ ಎರಡೂ ಕಡೆ ಗುಣಿಸಿ. ಕೆಳಗೆ 4 + 9 = 13. ಮೇಲೆ 16 + 24ಐ + 2ಐ − 3, ಅಂದರೆ 13 + 26ಐ. ಉತ್ತರ 1 + 2ಐ. ಬಂದ ಉತ್ತರವನ್ನು 2 − 3ಐ ಜೊತೆ ಗುಣಿಸಿ ನೋಡಿ, 8 + ಐ ವಾಪಸ್ ಬರಬೇಕು. ಮೊಬೈಲಿನಲ್ಲಿ ಎಐ ಆ್ಯಪ್ ಕೇಳಿ ಉತ್ತರ ತಗೊಂಡಾಗಲೂ ಈ ತಾಳೆ ಬಿಡಬೇಡಿ. ಅವು ತಪ್ಪನ್ನೂ ಗಟ್ಟಿ ದನಿಯಲ್ಲೇ ಹೇಳುತ್ತವೆ.

ಕೋನದ ಗುಂಡಿ

−1 − ಐ ಸಂಖ್ಯೆಯ ಆರ್ಗ್ಯುಮೆಂಟ್ ಎಷ್ಟು? ಮಕ್ಕಳು ಟ್ಯಾನ್ ಇನ್ವರ್ಸ್ 1 ಎಂದು ಬರೆದು 45 ಡಿಗ್ರಿ ಎಂದು ಮುಗಿಸುತ್ತಾರೆ. ಚುಕ್ಕಿ ಇಟ್ಟು ನೋಡಿ. ಅದು ಎಡಗಡೆ ಕೆಳಗೆ, ಮೂರನೇ ಕ್ವಾಡ್ರಂಟಿನಲ್ಲಿದೆ. ಪ್ರಿನ್ಸಿಪಲ್ ಆರ್ಗ್ಯುಮೆಂಟ್, ಅಂದರೆ −180ರಿಂದ 180 ಡಿಗ್ರಿಯೊಳಗೆ ಬರುವ ಕೋನ, −135 ಡಿಗ್ರಿ. ಚಿತ್ರ ಬರೆದವರು ಈ ಗುಂಡಿಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಎರಡು ಚುಕ್ಕಿಗಳ ಅಂತರ ಕೇಳುವ ಲೆಕ್ಕವೂ ಹಾಗೆಯೇ. |ಝಡ್ − 4| = |ಝಡ್ − 2ಐ| ಕಂಡ ಕೂಡಲೇ ವರ್ಗ ಮಾಡಲು ಹೋಗಬೇಡಿ. ಝಡ್ ಅಂದರೆ ನಾವು ಹುಡುಕುತ್ತಿರುವ ಚುಕ್ಕಿ, ಎರಡು ಕಡ್ಡಿಗಳ ನಡುವೆ ಬರೆದದ್ದು ದೂರ. ‘4ರಿಂದಲೂ 2ಐ ಇಂದಲೂ ಸಮಾನ ದೂರದಲ್ಲಿರುವ ಚುಕ್ಕಿಗಳು’ ಎಂದು ಬಾಯಿಬಿಟ್ಟು ಓದಿಕೊಳ್ಳಿ. ಎರಡನ್ನೂ ಸೇರಿಸುವ ಗೆರೆಯನ್ನು ನಟ್ಟನಡುವೆ ಲಂಬ ಕೋನದಲ್ಲಿ ಕತ್ತರಿಸುವ ಗೆರೆಯೇ ಉತ್ತರ. ವೈ = 2ಎಕ್ಸ್ − 3.

ಇಷ್ಟಾದರೂ ಸಿಕ್ಕಿಬಿದ್ದರೆ

‘ಈ ಚಾಪ್ಟರೇ ಅರ್ಥ ಆಗಿಲ್ಲ ಸರ್’ ಎಂದು ಹೋದರೆ ಲೆಕ್ಚರರ್ ಪಾಪ ಎಲ್ಲಿಂದ ಶುರು ಮಾಡಬೇಕು? ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ, ನೀವು ಮಾಡಿದಷ್ಟು ಹೆಜ್ಜೆ ಬರೆಯಿರಿ, ನಿಂತ ಸಾಲಿನ ಕೆಳಗೆ ಗೆರೆ ಎಳೆಯಿರಿ. ಹೊಡೆದು ಹಾಕಿದ್ದನ್ನೂ ಹಾಗೇ ಬಿಡಿ. ಎರಡು ನಿಮಿಷ ಸಾಕು ಅವರಿಗೆ. ನಾನು ಓದುವಾಗ ನಮ್ಮ ಮೇಷ್ಟ್ರೊಬ್ಬರು ಡೌಟ್ ಕೇಳಿದರೆ ಇಡೀ ಕ್ಲಾಸಿನ ಮುಂದೆ ನಗುತ್ತಿದ್ದರು. ಅಂಥವರು ಸಿಕ್ಕಿದರೆ ಬೇರೆಯವರನ್ನು ಹುಡುಕಿ, ಕೇಳುವುದನ್ನು ಬಿಡಬೇಡಿ.

ಎನ್‌ಸಿಇಆರ್‌ಟಿ ಪುಸ್ತಕ ಅದರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಖಾನ್ ಅಕಾಡೆಮಿಯ ವಿಡಿಯೊಗಳಿವೆ. ಜಿಯೋಜೀಬ್ರಾ ಎಂಬ ಗಣಿತದ ಆ್ಯಪ್‌ನಲ್ಲಿ 3 + 2ಐ ಟೈಪ್ ಮಾಡಿದರೆ ಚುಕ್ಕಿ ತಾನಾಗಿ ಮೂಡುತ್ತದೆ, ಆದರೆ ಬಟರ್ ಪೇಪರ್ ತಿರುಗಿಸಿದ ಮೇಲೆ ಅದಕ್ಕೆ ಹೋಗಿ. ಕ್ಯಾಲ್ಕುಲೇಟರಿಗೆ ಒಗ್ಗಿಕೊಳ್ಳಬೇಡಿ, ಸಿಇಟಿ ಹಾಲಿಗೆ ಅದನ್ನು ಬಿಡುವುದಿಲ್ಲ.

ಯಾರಿಗೂ ಹೊಳೆಯದ ಇನ್ನೊಬ್ಬರಿದ್ದಾರೆ. ನಿಮ್ಮ ಬೀದಿಯಲ್ಲಿ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಬಿಇ ಓದುವ ಅಣ್ಣನೋ ಅಕ್ಕನೋ ಇರುತ್ತಾರೆ. ಎಸಿ ಸರ್ಕ್ಯೂಟ್ ಲೆಕ್ಕಕ್ಕೆ ಅವರು ಇದನ್ನೇ ಬಳಸುವುದು. ಒಂದೇ ತೊಂದರೆ, ಅವರು ಐ ಬದಲು ಜೆ ಬರೆಯುತ್ತಾರೆ, ಯಾಕೆಂದರೆ ಅವರಿಗೆ ಐ ಅಂದರೆ ಕರೆಂಟು. ಕೂರುವ ಮೊದಲೇ ಇದನ್ನು ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ.