ಜಾರ್ಜಿಯಾದ ಅಧ್ಯಕ್ಷೀಯ ಮತ: ಕೌಂಟಿವಾರು ಲೆಕ್ಕ ನಾನು ಹಾಕುವ ಬಗೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಧ್ಯಕ್ಷೀಯ ಮತ ಯಾರಿಗೆ ಎಷ್ಟು ಎಂಬ ಅಂದಾಜು ಲೆಕ್ಕವನ್ನು ಶೇಕಡಾವಾರಿನಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ನಾನು ಮೊದಲು ಬರೆದಿಟ್ಟುಕೊಳ್ಳುವುದು ಮತಗಳ ಸಂಖ್ಯೆ. ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ ಇಲ್ಲಿ 2016ರಲ್ಲಿ 20,89,104 ಮತ, 2020ರಲ್ಲಿ 24,61,854. ಅಷ್ಟು ಏರಿದರೂ ಡೆಮಾಕ್ರಟಿಕ್ ಪಕ್ಷದ ಬೈಡನ್ ಎದುರು 11,779 ಮತಗಳಿಂದ ಸೋತರು. 2024ರಲ್ಲಿ ಅದೇ ಪಕ್ಷದ ಕಮಲಾ ಹ್ಯಾರಿಸ್ 2020ರ ಬೈಡನ್‌ಗಿಂತ ಸುಮಾರು 74 ಸಾವಿರ ಹೆಚ್ಚು ಮತ ಪಡೆದೂ ಸೋತರು. ಅಟ್ಲಾಂಟಾ ಸುತ್ತಲಿನ ಓದಿದ ಬಿಳಿಯರಲ್ಲಿ ಒಂದಷ್ಟು ಜನ ಪಕ್ಷ ಬದಲಿಸಿದ್ದು ನಿಜ. ಆದರೂ ಯಾರು ಬೂತಿಗೆ ಬಂದರು, ಯಾರು ಬರಲಿಲ್ಲ ಎಂಬುದೇ ಇಲ್ಲಿ ಹೆಚ್ಚು ತೂಗುತ್ತದೆ.

ರಾಜ್ಯದಲ್ಲಿ ಒಟ್ಟು 159 ಕೌಂಟಿ, ಅಂದರೆ ನಮ್ಮ ಜಿಲ್ಲೆಗಳಂಥವು. ಸ್ಪ್ರೆಡ್‌ಶೀಟಿನಲ್ಲಿ 159 ಸಾಲು. ಕಳೆದ ಮೂರು ಚುನಾವಣೆಗಳ ಎರಡು ಪಕ್ಷಗಳ ಮತ, ಜನಾಂಗ, ಪದವೀಧರರ ಪ್ರಮಾಣ ತುಂಬುತ್ತೇನೆ. ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋದ ಒಂದು ವರ್ಷದ ಸಮೀಕ್ಷೆ 65 ಸಾವಿರ ಜನಸಂಖ್ಯೆಗಿಂತ ಚಿಕ್ಕ ಕೌಂಟಿಗಳಿಗೆ ಸಿಗುವುದಿಲ್ಲ, ಹಾಗಾಗಿ ಐದು ವರ್ಷದ ಸರಾಸರಿಯೇ ಗತಿ. ಒಟ್ಟು ಜನಸಂಖ್ಯೆ ಬೇಡ, 18 ದಾಟಿದ ಪೌರರ ಸಂಖ್ಯೆ ಬೇಕು. ಫೋರ್ಸೈತ್ ಕೌಂಟಿಯ ಕಮ್ಮಿಂಗ್ ಕಡೆ ನಮ್ಮ ಕನ್ನಡದವರೂ ಸೇರಿ ಭಾರತೀಯರು ಬಹಳ. ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೆ ಮತವಿಲ್ಲ. ವಲಸಿಗರ ಬಂಧನ ಕೇಂದ್ರವಿರುವ ಪುಟ್ಟ ಸ್ಟೂವರ್ಟ್ ಕೌಂಟಿಯಲ್ಲಂತೂ ಬಂಧಿತರೂ ಎಣಿಕೆಗೆ ಸೇರುವುದರಿಂದ ಒಟ್ಟು ಜನಸಂಖ್ಯೆಯ ಅಂಕಿ ಪೂರ್ತಿ ಮೋಸ.

ರಿಗ್ರೆಶನ್, ಅಂದರೆ ಜನಾಂಗ, ಪದವಿಗಳಿಗೂ ಮತಕ್ಕೂ ಇರುವ ನಂಟನ್ನು ಸೂತ್ರವಾಗಿ ಹಿಡಿಯುವ ಲೆಕ್ಕ, ಮಾಡುವಾಗ ಚಲಾವಣೆಯಾದ ಮತಗಳನ್ನೇ ತೂಕವಾಗಿ ಕೊಡಿ. ಇಲ್ಲದಿದ್ದರೆ ಎರಡು ಸಾವಿರ ಜನವೂ ಇಲ್ಲದ ಟ್ಯಾಲಿಯಾಫೆರೋ, ಹತ್ತು ಲಕ್ಷ ದಾಟಿದ ಫುಲ್ಟನ್‌ಗೆ ಸರಿಸಮ ಕೂತುಬಿಡುತ್ತದೆ.

ಪಕ್ಷನಿಷ್ಠೆ ಅಳೆಯುವುದೇ ಕಷ್ಟದ ಭಾಗ. ಇಲ್ಲಿ ಪಕ್ಷದ ಹೆಸರಲ್ಲಿ ಮತದಾರರ ನೋಂದಣಿ ಇಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಯಾವ ಪಕ್ಷದ ಬ್ಯಾಲೆಟ್ ಕೇಳಿದರು ಎಂಬ ದಾಖಲೆಯಷ್ಟೇ ಇದೆ. ಒಂದೇ ಪ್ರೈಮರಿಯನ್ನು ನಂಬಬೇಡಿ. 2022ರಲ್ಲಿ ರಿಪಬ್ಲಿಕನ್ ಪಕ್ಷದವರೇ ಆದ ಆಗಿನ ಗವರ್ನರ್ ಕೆಂಪ್, ಚುನಾವಣೆ ನೋಡಿಕೊಳ್ಳುತ್ತಿದ್ದ ರಾಜ್ಯ ಕಾರ್ಯದರ್ಶಿ ರಾಫೆನ್ಸ್‌ಪರ್ಗರ್ ಎದುರು ಟ್ರಂಪ್ ಬೆಂಬಲಿತ ಅಭ್ಯರ್ಥಿಗಳು ನಿಂತಾಗ ಡೆಮಾಕ್ರಟಿಕ್ ಕಡೆಯ ಕೆಲವರೂ ರಿಪಬ್ಲಿಕನ್ ಬ್ಯಾಲೆಟ್ ತೆಗೆದುಕೊಂಡಿದ್ದರು. ಎರಡು ಮೂರು ಪ್ರೈಮರಿಗಳಲ್ಲಿ ಒಂದೇ ಕಡೆ ನಿಂತವರನ್ನು ಮಾತ್ರ ನಾನು ನಿಷ್ಠರೆಂದು ಎಣಿಸುತ್ತೇನೆ.

ನಿಷ್ಠೆ ಮತ್ತು ಜನಾಂಗ ಎಲ್ಲಿ ಕೂಡುತ್ತವೆ ನೋಡಿ. ಕಪ್ಪು ಮತದಾರರು ಹತ್ತಕ್ಕೆ ಹತ್ತಿರಹತ್ತಿರ ಒಂಬತ್ತರಂತೆ ಡೆಮಾಕ್ರಟಿಕ್, ಬಿಳಿಯರು ಹತ್ತಕ್ಕೆ ಸುಮಾರು ಏಳರಂತೆ ರಿಪಬ್ಲಿಕನ್. ಒಂದು ಲಕ್ಷ ಕಪ್ಪು ಮತದಾರರಲ್ಲಿ ಮತದಾನದ ಪ್ರಮಾಣ ಶೇಕಡಾ 2 ಅಂಶ ಇಳಿದರೆ 2,000 ಮತ ಹೋಯಿತು; ಡೆಮಾಕ್ರಟಿಕ್ ಅಂತರದಲ್ಲಿ 1,600 ಖೋತಾ. ಅಷ್ಟೇ ಬಿಳಿಯರು ಬಾರದಿದ್ದರೆ ರಿಪಬ್ಲಿಕನ್ ಅಂತರ ಇಳಿಯುವುದು 800 ಮಾತ್ರ. ರಾಜ್ಯ ಕಾರ್ಯದರ್ಶಿ ಕಚೇರಿ ಜನಾಂಗವಾರು ಮತದಾನದ ಅಂಕಿ ಕೊಡುವುದರಿಂದ ಇದನ್ನು ಊಹಿಸಬೇಕಿಲ್ಲ. ಜನಾಂಗ ನಮೂದಿಸದವರನ್ನು ಮಾತ್ರ ಬೇರೆ ಕಾಲಮ್ಮಿನಲ್ಲಿಡಿ, ಉಳಿದವರಿಗೆ ಹಂಚಬೇಡಿ.

ಕೊನೆಗೆ 2016ರ ಅಂಕಿಗಳಿಂದ ಕಟ್ಟಿದ ಸೂತ್ರಕ್ಕೆ 2020ರ ಅಂಕಿ ಹಾಕಿ, ಬಂದದ್ದನ್ನು ನಿಜ ಫಲಿತಾಂಶದ ಪಕ್ಕ ಇಡುತ್ತೇನೆ. ಅಟ್ಲಾಂಟಾದ ದಕ್ಷಿಣಕ್ಕಿರುವ ಹೆನ್ರಿ ಕೌಂಟಿಯ ಸಾಲು ಮೊದಲು ನೋಡಿ. ಕಪ್ಪು ಮಧ್ಯಮವರ್ಗದ ಕುಟುಂಬಗಳು ಅಲ್ಲಿಗೆ ಬಂದು ನೆಲೆಸುತ್ತಲೇ ಇವೆ. 2024ರಲ್ಲಿ ದೇಶ ರಿಪಬ್ಲಿಕನ್ ಕಡೆ ವಾಲಿದಾಗಲೂ ಅದು ಡೆಮಾಕ್ರಟಿಕ್ ಕಡೆಗೇ ಸರಿಯಿತು. ಐದು ವರ್ಷದ ಸರಾಸರಿ ಇಂಥ ವೇಗವನ್ನು ಹಿಡಿಯುವುದಿಲ್ಲ, ಅಲ್ಲಿಗೆ ಹೊಸ ನೋಂದಣಿಯ ಅಂಕಿಯನ್ನೇ ಹಾಕಬೇಕು.