ಕ್ರೂಸ್ ಹಡಗಿನ ಕ್ಯಾಬಿನ್‌ನಲ್ಲಿ ಫೋನ್, ಲ್ಯಾಪ್‌ಟಾಪ್ ಚಾರ್ಜ್ ಮಾಡುವುದು ಹೇಗೆ?

ಕ್ರೂಸ್ ಬುಕ್ ಆದ ಮೇಲೆ ಬಟ್ಟೆ, ವಾಂತಿ ಮಾತ್ರೆ, ವೆಜ್ ಊಟ ಸಿಗುತ್ತದೋ ಇಲ್ಲವೋ ಅನ್ನೋ ಚಿಂತೆ ಎಲ್ಲ ಶುರುವಾಗುತ್ತದೆ. ಪ್ಲಗ್ ಪಾಯಿಂಟ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಕ್ಯಾಬಿನ್‌ನಲ್ಲಿದ್ದರೆ ನಾಲ್ಕು ಫೋನ್, ಒಂದೆರಡು ವಾಚ್, ಇಯರ್‌ಬಡ್ಸ್, ಕ್ಯಾಮೆರಾ, ಟ್ಯಾಬ್. ಪ್ಲಗ್ ಪಾಯಿಂಟ್ ನೋಡಿದರೆ ಎರಡೇ. ಆಗ ಎಲ್ಲರೂ ಮಾಡೋದೇನು ಅಂದರೆ, ಮನೆಯಲ್ಲಿರುವ ಸ್ಪೈಕ್ ಬಸ್ಟರನ್ನು ಸೂಟ್‌ಕೇಸಿಗೆ ತುರುಕಿಕೊಂಡು ಹೋಗುವುದು. ದಯವಿಟ್ಟು ಅದೊಂದನ್ನು ಮಾಡಬೇಡಿ. ಯಾಕೆ ಅಂತ ಕೆಳಗೆ ಬಿಡಿಸಿ ಹೇಳಿದ್ದೇನೆ. ಅದರ ಬದಲು ಏನು ಒಯ್ಯಬೇಕು ಅನ್ನೋದೂ ಇದೆ.

ಮೊದಲು, ಹಡಗು ಯಾವುದು ಅಂತ ನೋಡಿ

ಹಡಗಿನ ವಯಸ್ಸು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. 2021ರಲ್ಲಿ ಮುಂಬೈಯಿಂದ ಓಡಾಟ ಶುರು ಮಾಡಿದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನೇ ತೆಗೆದುಕೊಳ್ಳಿ. ಗೋವಾ, ಲಕ್ಷದ್ವೀಪ ಅಂತ ನಮ್ಮ ಕಡೆಯವರೂ ಹತ್ತುವ ಹಡಗು ಅದು. ಅದನ್ನು ಕಟ್ಟಿದ್ದು 1990ರಲ್ಲಿ, ಫ್ರಾನ್ಸ್‌ನಲ್ಲಿ, ಅಮೆರಿಕದ ಪ್ರವಾಸಿಗರಿಗಾಗಿ. ಆ ಕಾಲದಲ್ಲಿ ಯಾರ ಜೇಬಿನಲ್ಲೂ ಮೊಬೈಲ್ ಇರಲಿಲ್ಲ. ಆಗಿನ ಹಡಗುಗಳ ಕ್ಯಾಬಿನ್‌ಗೆ ಕನ್ನಡಿ ಮುಂದಿನ ಮೇಜಿನ ಹತ್ತಿರ ಒಂದೋ ಎರಡೋ ಸಾಕೆಟ್ ಇಟ್ಟರೆ ಮುಗಿಯಿತು. ಈಚೆಗೆ ಕಟ್ಟಿದ ಹಡಗುಗಳಲ್ಲಿ ಹಾಸಿಗೆ ಪಕ್ಕದಲ್ಲೇ ಯುಎಸ್‌ಬಿ ಪಾಯಿಂಟ್ ಇರುವುದೂ ಉಂಟು.

ಬಹಳಷ್ಟು ಹಡಗುಗಳಲ್ಲಿ ಎರಡು ಥರದ ಸಾಕೆಟ್ ಅಕ್ಕಪಕ್ಕ ಇರುತ್ತವೆ. ಉದ್ದ ಸೀಳು ಇರುವುದು ಅಮೆರಿಕದ್ದು, ಅದರಲ್ಲಿ ಸುಮಾರು 110 ವೋಲ್ಟ್ ಬರುತ್ತದೆ. ಎರಡು ದುಂಡು ತೂತಿನದ್ದು ಯುರೋಪಿನದ್ದು, 220 ವೋಲ್ಟ್. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಈ ದುಂಡು ತೂತಿಗೆ ಸೇರಿಕೊಳ್ಳುತ್ತದೆ. ಪಿನ್ ಸಣ್ಣದಾದ್ದರಿಂದ ಸ್ವಲ್ಪ ಸಡಿಲ ಅನಿಸಬಹುದು. ತ್ರೀ ಪಿನ್ ಪ್ಲಗ್ ಮಾತ್ರ ಎರಡಕ್ಕೂ ಹೋಗುವುದಿಲ್ಲ, ಅಡಾಪ್ಟರ್ ಬೇಕೇ ಬೇಕು. ಸಿಂಗಾಪುರದಿಂದ ಹತ್ತುವವರು ಇನ್ನೊಂದು ವಿಷಯ ಗಮನಿಸಿ. ಅಲ್ಲಿನ ಹೋಟೆಲ್‌ಗಳಲ್ಲಿ ಇರುವುದು ಮೂರು ಚಪ್ಪಟೆ ಪಿನ್ನಿನ ಬ್ರಿಟಿಷ್ ಸಾಕೆಟ್. ಹೋಟೆಲಿಗೆ ಒಂದು, ಹಡಗಿಗೆ ಒಂದು ಅಂತ ಪರದಾಡುವ ಬದಲು ಒಂದು ಯೂನಿವರ್ಸಲ್ ಅಡಾಪ್ಟರ್ ತೆಗೆದುಕೊಂಡುಬಿಡಿ.

ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ

ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತದೆ ಅಷ್ಟೇ, ವೋಲ್ಟೇಜನ್ನಲ್ಲ. ಇದು ಗೊತ್ತಿಲ್ಲದೆ ಸಾಮಾನು ಸುಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಚಾರ್ಜರನ್ನು ಬೆಳಕಿಗೆ ಹಿಡಿದು ನೋಡಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್’ ಅಂತ ಇರುತ್ತದೆ. ಹಾಗಿದ್ದರೆ ಎರಡೂ ಸಾಕೆಟ್‌ಗೆ ಧೈರ್ಯವಾಗಿ ಹಾಕಬಹುದು. ಫೋನ್, ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇರುತ್ತವೆ. ತೊಂದರೆ ಇರುವುದು ಬಿಸಿ ಮಾಡುವ ಸಾಮಾನಿನಲ್ಲಿ. ಅಮೆರಿಕದಲ್ಲಿರುವ ಮಗಳು ಕೊಡಿಸಿದ ಹೇರ್ ಸ್ಟ್ರೈಟ್ನರ್ ಮೇಲೆ ಬರೀ 120 ವೋಲ್ಟ್ ಅಂತಿದ್ದರೆ, ಅದನ್ನು 220ರ ಸಾಕೆಟ್‌ಗೆ ಹಾಕಿದ ಕೂಡಲೇ ಸುಟ್ಟು ಹೋಗಬಹುದು. ಬೆಂಗಳೂರಲ್ಲಿ ಕೊಂಡಿದ್ದನ್ನು 110ಕ್ಕೆ ಹಾಕಿದರೆ ಬರೀ ಬೆಚ್ಚಗಾಗುತ್ತದೆ. ಹೇರ್ ಡ್ರೈಯರ್ ಕ್ಯಾಬಿನ್‌ನಲ್ಲೇ ಕೊಡುತ್ತಾರೆ, ಹೊತ್ತುಕೊಂಡು ಹೋಗಬೇಕಾಗಿಲ್ಲ.

ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ ಎರಡೂ ಬೇಡ. ಅವಲಕ್ಕಿ, ರೆಡಿಮೇಡ್ ಉಪ್ಪಿಟ್ಟು, ಮಗುವಿನ ಸೆರಿಲ್ಯಾಕ್ ಅಂತ ನಮ್ಮವರು ಕೆಟಲ್ ಕಟ್ಟಿಕೊಂಡು ಹೊರಡುತ್ತಾರೆ, ಆದರೆ ದೊಡ್ಡ ಕಂಪನಿಗಳೆಲ್ಲ ಇವನ್ನು ನಿಷೇಧಿಸಿವೆ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಒಂದು ಫ್ಲಾಸ್ಕ್ ಇಟ್ಟುಕೊಂಡರೆ ಸಾಕು.

ಸ್ಪೈಕ್ ಬಸ್ಟರ್ ಯಾಕೆ ಬೇಡ

ಮನೆಯ ಸಾಕೆಟ್‌ನಲ್ಲಿ ಟೆಸ್ಟರ್ ಇಟ್ಟು ನೋಡಿದ್ದೀರಲ್ವಾ? ಒಂದೇ ತೂತಿನಲ್ಲಿ ಬಲ್ಬ್ ಹೊತ್ತಿಕೊಳ್ಳುತ್ತದೆ, ಅದು ಫೇಸ್. ಇನ್ನೊಂದು ನ್ಯೂಟ್ರಲ್. ಅದನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಅರ್ಥಿಂಗ್ ಮಾಡಿರುತ್ತಾರೆ. ಹಡಗಿನಲ್ಲಿ ಲೆಕ್ಕವೇ ಬೇರೆ. ಕರೆಂಟನ್ನು ಹಡಗಿನ ಜನರೇಟರ್‌ಗಳೇ ತಯಾರಿಸುತ್ತವೆ. ಎಷ್ಟೋ ಹಡಗುಗಳಲ್ಲಿ ಸಾಕೆಟ್‌ಗೆ ಬರುವ ಎರಡು ವೈರ್‌ಗಳಲ್ಲಿ ಯಾವುದನ್ನೂ ಹಡಗಿನ ಉಕ್ಕಿನ ಮೈಗೆ ಕಟ್ಟಿರುವುದಿಲ್ಲ. ಇದು ಬೇಕಂತಲೇ ಮಾಡಿದ ಏರ್ಪಾಡು. ಎಲ್ಲೋ ಒಂದು ವೈರ್ ಸವೆದು ಉಕ್ಕಿಗೆ ತಾಗಿದರೂ ಫ್ಯೂಸ್ ಹೋಗಿ ಮುಖ್ಯವಾದ ಯಂತ್ರಗಳು ನಡುಸಮುದ್ರದಲ್ಲಿ ನಿಂತುಬಿಡಬಾರದು ಅಂತ. ಹಾಗಾಗಿ ಅಲ್ಲಿ ನ್ಯೂಟ್ರಲ್ ಅಂತ ನಂಬಿ ಮುಟ್ಟುವಂಥ ವೈರ್ ಇಲ್ಲ, ಎರಡರಲ್ಲೂ ಕರೆಂಟ್ ಇದೆ ಅಂತಲೇ ತಿಳಿಯಬೇಕು.

ಈಗ ಸ್ಪೈಕ್ ಬಸ್ಟರ್ ಒಳಗೆ ನೋಡೋಣ. ಅದರಲ್ಲಿ ವೇರಿಸ್ಟರ್ ಅನ್ನೋ ಪುಟ್ಟ ಬಿಲ್ಲೆ ಇರುತ್ತದೆ. ವೋಲ್ಟೇಜ್ ಏರಿದರೆ ಹೆಚ್ಚಿನದ್ದನ್ನು ಅರ್ಥ್ ವೈರ್‌ಗೆ ಹರಿಸಿಬಿಡುವುದು ಅದರ ಕೆಲಸ. ಹಡಗಿನಲ್ಲಿ ಬೇರೆಲ್ಲೋ ಒಂದು ವೈರ್ ಉಕ್ಕಿಗೆ ತಾಗಿತು ಅಂತಿಟ್ಟುಕೊಳ್ಳಿ, ಆಗ ಇನ್ನೊಂದು ವೈರ್‌ಗೂ ಉಕ್ಕಿಗೂ ನಡುವಿನ ವೋಲ್ಟೇಜ್ ಏರುತ್ತದೆ, ಬಿಲ್ಲೆ ಕರೆಂಟ್ ಹರಿಸುತ್ತಾ ಹರಿಸುತ್ತಾ ಕಾದು ಹೋಗುತ್ತದೆ. ಸ್ಪೈಕ್ ಬಸ್ಟರ್‌ನ ಸ್ವಿಚ್ಚೋ ಫ್ಯೂಸೋ ಒಂದೇ ವೈರನ್ನು ಕತ್ತರಿಸಿದರೆ, ಇನ್ನೊಂದರಲ್ಲಿ ಕರೆಂಟ್ ಹಾಗೇ ಇರುತ್ತದೆ. ಆಫ್ ಆಗಿದೆ ಅಂತ ನೀವು ಅಂದುಕೊಂಡಿರುತ್ತೀರಿ, ಒಳಗೆ ಬಿಲ್ಲೆ ಬಿಸಿಯಾಗುತ್ತಲೇ ಇರುತ್ತದೆ, ಕೊನೆಗೆ ಬೆಂಕಿಯೂ ಹೊತ್ತಿಕೊಳ್ಳಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಇದರ ಬಗ್ಗೆ ಹಡಗುಗಳಿಗೆ ಎಚ್ಚರಿಕೆ ಕೊಟ್ಟಿದೆ.

ಊರಲ್ಲಿ ಬೆಂಕಿ ಬಿದ್ದರೆ ಹೊರಗೆ ಓಡಬಹುದು. ಹಡಗಿನಲ್ಲಿ ಎಲ್ಲಿಗೆ ಓಡುತ್ತೀರಿ? 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ತಿರ ಸ್ಟಾರ್ ಪ್ರಿನ್ಸೆಸ್ ಹಡಗಿನ ಒಂದು ಬಾಲ್ಕನಿಯಲ್ಲಿ ಬೆಂಕಿ ಹೊತ್ತಿಕೊಂಡಿತು. ಆರದ ಸಿಗರೇಟ್ ತುಂಡೇ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಅಷ್ಟಕ್ಕೇ ನೂರಕ್ಕೂ ಹೆಚ್ಚು ಕ್ಯಾಬಿನ್‌ಗಳು ಹಾಳಾದವು, ಒಬ್ಬ ಪ್ರಯಾಣಿಕರು ಹೊಗೆಯಿಂದ ತೀರಿಕೊಂಡರು. ಹಡಗಿನವರು ಒಂದು ವೈರ್‌ಗೆ ಇಷ್ಟು ಯಾಕೆ ಕಿರಿಕಿರಿ ಮಾಡುತ್ತಾರೆ ಅಂತ ಬೇಸರ ಮಾಡಿಕೊಳ್ಳುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಸರ್ಜ್ ಪ್ರೊಟೆಕ್ಷನ್, ಅಂದರೆ ಮೇಲೆ ಹೇಳಿದ ಬಿಲ್ಲೆ, ಇಲ್ಲದ ಮಾಮೂಲಿ ಎಕ್ಸ್‌ಟೆನ್ಷನ್ ಬಾಕ್ಸ್ ಆಗುತ್ತದಾ? ಕಂಪನಿಯಿಂದ ಕಂಪನಿಗೆ ನಿಯಮ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ. ರಾಯಲ್ ಕೆರಿಬಿಯನ್ 2024ರಲ್ಲಿ ಎಕ್ಸ್‌ಟೆನ್ಷನ್ ವೈರ್, ಮಲ್ಟಿಪ್ಲಗ್ ಎರಡನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. ಹೊರಡುವ ವಾರದಲ್ಲಿ ನಿಮ್ಮ ಕಂಪನಿಯ ಪಟ್ಟಿ ಒಮ್ಮೆ ನೋಡಿಬಿಡಿ. ನನ್ನನ್ನು ಕೇಳಿದರೆ, ಅದರ ಸಹವಾಸವೇ ಬೇಡ.

ಹಾಗಾದರೆ ಒಯ್ಯಬೇಕಾದ್ದೇನು

ಮೂರ್ನಾಲ್ಕು ಪೋರ್ಟ್ ಇರುವ ಒಂದು ಒಳ್ಳೆ ಯುಎಸ್‌ಬಿ ಚಾರ್ಜರ್. ಇಡೀ ಲೇಖನದ ತಿರುಳು ಇದೇ. 65 ವ್ಯಾಟ್‌ನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಚಿಪ್ ಇರುವ) ಚಾರ್ಜರ್ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಒಂದೇ ಸಾಕೆಟ್‌ನಲ್ಲಿ ಕೂರುತ್ತದೆ. ಆದರೆ ಆ 65 ವ್ಯಾಟ್ ಎಲ್ಲ ಪೋರ್ಟ್‌ಗೂ ಹಂಚಿ ಹೋಗುತ್ತದೆ. ಲ್ಯಾಪ್‌ಟಾಪ್ ಒಂದೇ 45 ವ್ಯಾಟ್ ಎಳೆದುಕೊಂಡರೆ ಉಳಿದಿದ್ದರಲ್ಲಿ ಫೋನ್‌ಗಳು ನಿಧಾನವಾಗಿ ತುಂಬುತ್ತವೆ. ಹಾಗಾಗಿ ಲ್ಯಾಪ್‌ಟಾಪನ್ನು ಊಟಕ್ಕೆ ಹೋಗುವ ಮುಂಚೆಯೇ ಮುಗಿಸಿ, ರಾತ್ರಿ ಫೋನ್‌ಗಳಿಗೆ ಬಿಡಿ.

ಕೇಬಲ್ ವಿಷಯದಲ್ಲಿ ಒಂದು ಮಾತು. ಈಗಿನ ಎಷ್ಟೋ ಫೋನ್‌ಗಳ ಜೊತೆ ಬರುವ ಕೇಬಲ್‌ಗೆ ಎರಡೂ ಕಡೆ ಟೈಪ್ ಸಿ ತುದಿ. ಹಡಗಿನ ಹಾಸಿಗೆ ಪಕ್ಕ ಇರುವ ಪಾಯಿಂಟ್ ಬಹಳ ಕಡೆ ಹಳೆಯ ಅಗಲ ಯುಎಸ್‌ಬಿ. ಅಗಲ ತುದಿಯ ಹಳೆ ಕೇಬಲ್ ಒಂದನ್ನು ಡ್ರಾಯರ್‌ನಿಂದ ಹುಡುಕಿ ಇಟ್ಟುಕೊಳ್ಳಿ, ಎರಡು ಮೀಟರ್ ಉದ್ದದ್ದಾದರೆ ಇನ್ನೂ ಒಳ್ಳೆಯದು. ಅಂಥ ಪಾಯಿಂಟ್ ಸಾಮಾನ್ಯವಾಗಿ 10 ವ್ಯಾಟ್ ಆಸುಪಾಸು ಕೊಡುತ್ತದೆ, 5000 ಎಂಎಎಚ್ ಫೋನ್ ತುಂಬಲು ಮೂರು ತಾಸಂತೂ ಬೇಕು. ರಾತ್ರಿ ಮಲಗುವವರಿಗೆ ಅಷ್ಟು ಸಾಕು.

ಪವರ್ ಬ್ಯಾಂಕ್ ಒಂದಿರಲಿ. ಹಡಗು ಹತ್ತಲು ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್‌ವರೆಗಿನದ್ದಕ್ಕೆ ಅನುಮತಿ ಉಂಟು. 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್ ಅವರ್, ತೊಂದರೆ ಇಲ್ಲ. ಊದಿಕೊಂಡ ಹಳೆ ಪವರ್ ಬ್ಯಾಂಕ್ ಇದ್ದರೆ ಮನೆಯಲ್ಲೂ ಇಟ್ಟುಕೊಳ್ಳಬೇಡಿ.

ಕ್ಯಾಬಿನ್ ಸೇರಿದ ಮೇಲೆ

ದೊಡ್ಡ ಲಗೇಜನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಎಷ್ಟೋ ಹೊತ್ತಿನ ಮೇಲೆ. ಹಾಗಾಗಿ ಚಾರ್ಜರ್ ಕೈಚೀಲದಲ್ಲಿರಲಿ. ಒಳಗೆ ಹೋದ ತಕ್ಷಣ ಸಾಕೆಟ್ ಹುಡುಕಿ. ಮೇಜಿನ ಮೇಲಿನದ್ದು ಕಾಣುತ್ತದೆ. ಟಿವಿ ಹಿಂದೆ, ಹಾಸಿಗೆಯ ತಲೆಹಲಗೆಯ ಹಿಂದೆ, ಮಂಚದ ಕೆಳಗೆ ಬಗ್ಗಿ ನೋಡಿದರೆ ಇನ್ನೊಂದು ಸಿಗಲೂಬಹುದು. ಸಿಗದಿದ್ದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟೀವರ್ಡನ್ನು ಕೇಳಿ, ಅವರಿಗೆ ಮೂಲೆಮೂಲೆ ಗೊತ್ತು. ಫ್ರಿಜ್‌ನ ಪ್ಲಗ್ ಕಿತ್ತು ನಿಮ್ಮದನ್ನು ಹಾಕಬೇಡಿ. ಬಾತ್‌ರೂಮಿನಲ್ಲಿ ಶೇವರ್ ಚಿತ್ರ ಇರುವ ಸಾಕೆಟ್ ಶೇವರಿಗೆ ಮಾತ್ರ.

ಬಾಗಿಲ ಪಕ್ಕದಲ್ಲಿ, ಲೈಟ್ ಹತ್ತಲು ಕೀ ಕಾರ್ಡ್ ಸಿಕ್ಕಿಸುವ ಸ್ಲಾಟ್ ಇದ್ದರೆ ಒಂದು ಪರೀಕ್ಷೆ ಮಾಡಿ. ಫೋನ್ ಚಾರ್ಜಿಗೆ ಹಾಕಿ ಕಾರ್ಡ್ ತೆಗೆಯಿರಿ, ಒಂದೆರಡು ನಿಮಿಷ ಕಾಯಿರಿ. ಕೆಲವು ಕಡೆ ಲೈಟ್ ಮಾತ್ರ ಹೋಗುತ್ತದೆ, ಕೆಲವು ಕಡೆ ಸಾಕೆಟ್ಟೂ ಹೋಗುತ್ತದೆ. ಹೋಗುವಂತಿದ್ದರೆ ಕ್ಯಾಬಿನ್‌ನಲ್ಲಿ ಇರುವಾಗಲೇ ಚಾರ್ಜ್ ಮಾಡಿಕೊಳ್ಳಿ. ಹೇಗೂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಇಡೀ ದಿನ ಹೊರಗೆ ಸುತ್ತುವುದು ಒಳ್ಳೆಯದಲ್ಲ.

ಕ್ಯಾಬಿನ್ ಗೋಡೆಗಳು ಹೆಚ್ಚಾಗಿ ಲೋಹದ ತಗಡಿನವು, ಆಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎರಡು ಮ್ಯಾಗ್ನೆಟ್ ಹುಕ್ ತಂದರೆ ಕೇಬಲನ್ನು ಗೋಡೆಗುಂಟ ಎಳೆದು ತೂಗುಹಾಕಬಹುದು, ರಾತ್ರಿ ಬಾತ್‌ರೂಮಿಗೆ ಎದ್ದವರ ಕಾಲಿಗೆ ಸಿಕ್ಕುವುದಿಲ್ಲ. ಭಾರದ ಅಡಾಪ್ಟರ್ ಸಡಿಲ ಸಾಕೆಟ್‌ನಲ್ಲಿ ಜೋತಾಡುತ್ತಿದ್ದರೆ ಹಡಗು ತೂಗಿದಾಗ ಕಳಚಿಕೊಳ್ಳುತ್ತದೆ, ಬೆಳಿಗ್ಗೆ ನೋಡಿದರೆ ಫೋನ್ 12 ಪರ್ಸೆಂಟ್. ಪ್ಲಗ್ ಕೂತಿದೆಯಾ ಅಂತ ಮಲಗುವ ಮುಂಚೆ ಕೈಯಿಂದ ಒತ್ತಿ ನೋಡಿ. ಫೋನ್, ಪವರ್ ಬ್ಯಾಂಕ್ ಎಲ್ಲ ಮೇಜಿನ ಮೇಲಿರಲಿ. ದಿಂಬಿನ ಕೆಳಗೆ, ಹೊದಿಕೆಯೊಳಗೆ ಬೇಡವೇ ಬೇಡ.

ಕರಾವಳಿ ದಾಟಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಬೇಕಾದರೆ ಅದೊಂದನ್ನು ಆನ್ ಮಾಡಿ. ಇಲ್ಲದಿದ್ದರೆ ಉಕ್ಕಿನ ಗೋಡೆಗಳ ನಡುವೆ ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಡಗಿನ ಸ್ಯಾಟಲೈಟ್ ಮೊಬೈಲ್ ನೆಟ್‌ವರ್ಕಿಗೆ ಫೋನ್ ತಾನಾಗಿಯೇ ಸೇರಿಕೊಂಡರೆ ರೋಮಿಂಗ್ ಬಿಲ್ ಕಣ್ಣಲ್ಲಿ ನೀರು ತರಿಸುತ್ತದೆ.

ಸಿಪ್ಯಾಪ್ ಯಂತ್ರ (ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ) ಬಳಸುವ ಹಿರಿಯರು ಜೊತೆಗಿದ್ದರೆ ಮಾತ್ರ ಮೇಲಿನ ಯಾವುದನ್ನೂ ಹಡಗು ಹತ್ತಿದ ಮೇಲೆ ನೋಡೋಣ ಅಂತ ಬಿಡಬೇಡಿ. ಮಂಚದ ಪಕ್ಕ ಸಾಕೆಟ್ ಇಲ್ಲದೆ ಹೋದರೆ ಅವರಿಗೆ ರಾತ್ರಿ ನಿದ್ದೆಯೇ ಇಲ್ಲ. ಬುಕ್ ಮಾಡುವಾಗಲೇ ಕಂಪನಿಗೆ ಬರೆದು ತಿಳಿಸಿ, ಅವರದೇ ಎಕ್ಸ್‌ಟೆನ್ಷನ್ ವೈರ್ ಕೊಡುತ್ತಾರಾ ಅಂತ ಕೇಳಿ, ಉತ್ತರದ ಪ್ರಿಂಟ್ ಜೊತೆಗಿರಲಿ. ಯಂತ್ರಕ್ಕೆ ಬೇಕಾದ ಡಿಸ್ಟಿಲ್ಡ್ ವಾಟರನ್ನೂ ಆಗಲೇ ಹೇಳಿಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ ಯಾರಾದರೂ ಸ್ಪೈಕ್ ಬಸ್ಟರ್ ತಂದು, ಅದು ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬಿದ್ದರೆ, ಜಗಳ ಬೇಡ. ಚೀಟಿ ಕೊಟ್ಟರೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಇಳಿಯುವ ದಿನ ವಾಪಸ್ ಕೊಡುತ್ತಾರೆ, ಎಲ್ಲಿ ಕೊಡುತ್ತಾರೆ ಅನ್ನೋದನ್ನು ಹಿಂದಿನ ದಿನವೇ ರಿಸೆಪ್ಷನ್‌ನಲ್ಲಿ ಕೇಳಿಟ್ಟುಕೊಳ್ಳಿ.